ಕುದುರೆ ಕೊಳ್ಳುವವರು ಕತ್ತನ್ನೂ ನೋಡಲಿ

ರೇಸಿನಲ್ಲಿ ಓಡಿ ದಣಿದ, ಇಲ್ಲವೇ ಓಡಿಯೂ ಗೆಲ್ಲದ ಥರೋಬ್ರೆಡ್ ಕುದುರೆಗಳು ಕಡಿಮೆ ಬೆಲೆಗೆ ಸವಾರಿ ಶಾಲೆಗಳ ಪಾಲಾಗುವುದು ಹೊಸತಲ್ಲ. ದೇವನಹಳ್ಳಿಯ ಕಡೆಗೂ ಇಂಥ ಶಾಲೆಗಳಿವೆ. ಕೊಳ್ಳುವವರು ಕಾಲು, ಗೊರಸು, ಹಲ್ಲು ನೋಡುತ್ತಾರೆ; ಕತ್ತಿನ ಮೂಳೆಯ ಬಗ್ಗೆ ವಿಚಾರಿಸುವವರು ವಿರಳ.

ಮನುಷ್ಯನಂತೆ, ಜಿರಾಫೆಯಂತೆ ಕುದುರೆಯ ಕತ್ತಿನಲ್ಲೂ ಇರುವುದು ಏಳೇ ಕಶೇರುಮಣಿಗಳು. ಆರನೆಯದರ ಕೆಳಬದಿಯ ಎರಡು ಫಲಕಗಳು ಕತ್ತನ್ನು ಸ್ಥಿರವಾಗಿ ಹಿಡಿಯುವ ಸ್ನಾಯುವಿಗೆ ಆಧಾರ. ಕೆಲವು ಕುದುರೆಗಳಲ್ಲಿ ಈ ಫಲಕ ಒಂದು ಬದಿಯಲ್ಲೋ ಎರಡೂ ಬದಿಯಲ್ಲೋ ಹುಟ್ಟಿನಿಂದಲೇ ಇರುವುದಿಲ್ಲ. ಕೆಲವೊಮ್ಮೆ ಅದು ಏಳನೆಯ ಮಣಿಯ ಮೇಲೆ ಮೂಡಿರುತ್ತದೆ. ಮೊದಲ ಪಕ್ಕೆಲುಬು ವಿರೂಪಗೊಂಡಿರುವುದೂ ಉಂಟು. ಆಸ್ಟ್ರೇಲಿಯದ ಶರೋನ್ ಮೇ-ಡೇವಿಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನವು ಈ ದೋಷ ಥರೋಬ್ರೆಡ್‌ಗಳಲ್ಲೇ ಹೆಚ್ಚಾಗಿ ಕಂಡಿತೆಂದು ಹೇಳಿತು. ವಂಶಪಾರಂಪರ್ಯದ ಶಂಕೆಯೂ ಇದೆ.

ಎಡವುವುದು, ಮುಂಗಾಲಿನ ಹೆಜ್ಜೆ ತಪ್ಪುವುದು, ತಿರುಗಲು ಒಲ್ಲದಿರುವುದು ಇದರ ಫಲವೆಂದು ಕೆಲವರ ವಾದ. ಎಲ್ಲರೂ ಒಪ್ಪುವುದಿಲ್ಲ. ಯುರೋಪಿನ ವಾರ್ಮ್‌ಬ್ಲಡ್ ಕುದುರೆಗಳ ಎಕ್ಸ್‌ರೇ ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಈ ದೋಷಕ್ಕೂ ರೋಗಲಕ್ಷಣಗಳಿಗೂ ಸಂಬಂಧ ಕಾಣಲಿಲ್ಲ. ಆದ್ದರಿಂದ ಎಕ್ಸ್‌ರೇ ಒಂದನ್ನೇ ನೆಚ್ಚಿ ಪ್ರಾಣಿಯನ್ನು ತಿರಸ್ಕರಿಸುವುದು ಅನ್ಯಾಯ.

ಹಾಗೆಂದು ನೋಡದೆಯೇ ಕೊಳ್ಳಬೇಕೆ? ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಕಳಪೆ ಸರಕು ಒಳ್ಳೆಯದನ್ನು ಪೇಟೆಯಿಂದ ಹೊರದಬ್ಬುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದ್ದರು. ಕುದುರೆ ವ್ಯಾಪಾರ ಇನ್ನೂ ತೊಡಕಿನದು. ಇಲ್ಲಿ ಎಷ್ಟೋ ಸಲ ಮಾರುವವನಿಗೂ ಗೊತ್ತಿರುವುದಿಲ್ಲ. ನೋವಿದ್ದರೆ ಗೊತ್ತಿರುವುದು ಕುದುರೆಗೆ ಮಾತ್ರ. ಅದು ಹಿಂದೇಟು ಹಾಕುತ್ತದೆ, ಒದೆಯುತ್ತದೆ. ನಾವು ಹಠಮಾರಿಯೆಂದು ಚಾಟಿ ಎತ್ತುತ್ತೇವೆ, ಬಳಿಕ ಮತ್ತೊಂದು ಲಾಯಕ್ಕೆ ದಾಟಿಸುತ್ತೇವೆ. ಅಲ್ಲಿ ಅದರ ಬೆನ್ನೇರುವುದು ಹತ್ತು ವರ್ಷದ ಮಗುವಾಗಿರಬಹುದು.

ನೆಲಮಂಗಲ ದಾಟಿದರೆ ಸಿಗುವ ಕುಣಿಗಲ್ಲು, ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಸಾಕಿದ ಊರು. ಕುದುರೆಯ ವಂಶಾವಳಿಯನ್ನು ತಲೆಮಾರುಗಳ ತನಕ ಬರೆದಿಡುವ ಈ ಉದ್ಯಮಕ್ಕೆ ಕತ್ತಿನ ಮೂಳೆಯ ವಿವರ ಸೇರಿಸುವುದು ದೊಡ್ಡ ಹೊರೆಯಾಗದು. ಸತ್ತ ಕುದುರೆಗಳ ಕತ್ತನ್ನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಪರೀಕ್ಷಿಸಿ ದಾಖಲಿಸಿದರೆ, ಕೆಲವೇ ವರ್ಷಗಳಲ್ಲಿ ನಮ್ಮದೇ ಅಂಕಿಅಂಶ ಕೈಗೆ ಬರುತ್ತದೆ. ಬದುಕಿರುವ ಕುದುರೆಗೆ ಸದ್ಯ ಎಕ್ಸ್‌ರೇ ಸಾಕು. ಏಳನೆಯ ಮಣಿ ಭುಜದ ಮರೆಯಲ್ಲಿರುವುದರಿಂದ ಚಿಕ್ಕ ಯಂತ್ರಕ್ಕೆ ಸ್ಪಷ್ಟವಾಗಿ ಸಿಗುವುದು ಕಷ್ಟ. ಆರನೆಯದನ್ನು ಲಾಯದಲ್ಲೇ ತೆಗೆಯಬಹುದು.