ನೆಲಸುಹಕ್ಕಿನ ಪರೀಕ್ಷೆಯೂ ಭಾಷಾಜ್ಞಾನದ ನಿಬಂಧನೆಯೂ

ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಸೀಮೆಗಳಿಂದ ಉದ್ಯೋಗಾರ್ಥವಾಗಿ ಹೊರಡುವವರ ದಾರಿಯು ಮೊದಲು ಮುಂಬಯಿಯವರೆಗೂ, ತರುವಾಯ ಅರಬೀ ದೇಶಗಳವರೆಗೂ ಸಾಗಿತ್ತು. ಈಚೆಗೆ ವೈದ್ಯರೂ ದಾದಿಯರೂ ಯಂತ್ರಶಿಲ್ಪಿಗಳೂ ಬ್ರಿಟನ್ನಿಗೆ ಹೋಗಿ ನೆಲಸುವುದುಂಟು. ಅಲ್ಲಿ ಸ್ಥಿರವಾಗಿ ನೆಲಸುವ ಹಕ್ಕನ್ನು ಬೇಡುವವನು ಆ ದೇಶದ ಚರಿತ್ರೆ, ಆಡಳಿತ, ಆಚಾರಗಳ ವಿಷಯದಲ್ಲಿ ಒಂದು ಪರೀಕ್ಷೆಯನ್ನು ಕೊಟ್ಟು ತೇರ್ಗಡೆಯಾಗಬೇಕು. ಇದು ಕೇವಲ ಕಚೇರಿಯ ವಿಷಯವಾಗಿದ್ದರೆ ಈ ಪತ್ರಿಕೆಯಲ್ಲಿ ಅದಕ್ಕೆ ಎಡೆಯಿರುತ್ತಿರಲಿಲ್ಲ. ಒಬ್ಬನು ಒಂದು ನಾಡನ್ನು ಬಲ್ಲನೆಂಬುದನ್ನು ಯಾವ ಅಳತೆಗೋಲಿನಿಂದ, ಯಾವ ಭಾಷೆಯಲ್ಲಿ ಅಳೆಯಬೇಕೆಂಬ ಪ್ರಶ್ನೆಯು ಅದರೊಳಗೆ ಅಡಗಿದೆ. ಮತ್ತು ಆ ಪ್ರಶ್ನೆಯು ಬೇರೊಂದು ದಿಕ್ಕಿನಿಂದ ತುಳುನಾಡಿನ ಬಾಗಿಲಿಗೇ ಬಂದು ನಿಲ್ಲುತ್ತದೆ.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಪ್ರವೇಶಾನುಮತಿ, ನೆಲಸುಹಕ್ಕು, ಪೌರತ್ವ ಎಂಬ ಮೂರನ್ನು ಜನರು ಒಂದರಲ್ಲೊಂದು ಬೆರಸಿ ಮಾತನಾಡುತ್ತಾರೆ. ದಕ್ಷಿಣ ಕನ್ನಡ ಜಿಲ್ಲೆಯವರಿಗೆ ಈ ಭೇದವನ್ನು ತಿಳಿಸಲು ಹೊಸ ಶಬ್ದಗಳನ್ನು ಹುಡುಕಬೇಕಾದ್ದಿಲ್ಲ. 1974ರ ಭೂಸುಧಾರಣೆಯವರೆಗೆ ಇಲ್ಲಿಯ ಹೊಲಗದ್ದೆಗಳು ಚಾಲಗೇಣಿ, ಮೂಲಗೇಣಿ, ಮೂಲವರ್ಗ ಎಂಬ ಕ್ರಮದಲ್ಲಿ ನಡೆಯುತ್ತಿದ್ದುವಷ್ಟೆ. ಚಾಲಗೇಣಿಯ ಒಕ್ಕಲು ಧಣಿಯ ಮರ್ಜಿಯಂತೆ ವರ್ಷದಿಂದ ವರ್ಷಕ್ಕೆ ಇರತಕ್ಕವನು. ಮೂಲಗೇಣಿದಾರನ ಹಕ್ಕು ಗೊತ್ತಾದ ಗೇಣಿಗೆ ಶಾಶ್ವತವಾದುದು, ಮಕ್ಕಳಿಗೂ ಇಳಿಯತಕ್ಕದ್ದು. ವರ್ಗದಾರನಾದರೋ ಭೂಮಿಯ ಒಡೆಯನು. ವೀಸಾ ಎಂಬ ಪ್ರವೇಶಾನುಮತಿಯು ಚಾಲಗೇಣಿ, ನೆಲಸುಹಕ್ಕು ಮೂಲಗೇಣಿ, ಪೌರತ್ವವು ಮೂಲವರ್ಗ. ಉಪಮಾನವು ಎಲ್ಲ ಕಡೆಯೂ ಹೊಂದುವುದಿಲ್ಲ. ಬ್ರಿಟನ್ನಿನ ನೆಲಸುಹಕ್ಕನ್ನು ಪಡೆದವನು ಎರಡು ವರ್ಷಕ್ಕೆ ಮೀರಿ ಎಡೆಬಿಡದೆ ಹೊರದೇಶದಲ್ಲಿದ್ದರೆ ಆ ಹಕ್ಕು ಅಳಿದುಹೋಗುತ್ತದೆ. ಮೂಲಗೇಣಿದಾರನು ಮುಂಬಯಿಯಲ್ಲಿ ಹತ್ತು ವರ್ಷ ಕಳೆದರೂ ಗೇಣಿ ಸಲ್ಲುತ್ತಿದ್ದರೆ ಅವನ ಹಕ್ಕಿಗೆ ಚ್ಯುತಿ ಬರುತ್ತಿರಲಿಲ್ಲ.

ಪರೀಕ್ಷೆಯ ಸ್ವರೂಪವು ಹೀಗಿದೆ. 2002ರ ಶಾಸನದ ಆಧಾರದ ಮೇಲೆ 2005ರ ನವೆಂಬರಿನಿಂದ ಅದು ಪೌರತ್ವವನ್ನು ಬೇಡುವವರಿಗೂ, 2007ರ ಏಪ್ರಿಲಿನಿಂದ ನೆಲಸುಹಕ್ಕನ್ನು ಬೇಡುವವರಿಗೂ ವಿಧಿಸಲ್ಪಟ್ಟಿತು. ರಾಜ್ಯಶಾಸ್ತ್ರದ ಪ್ರಾಧ್ಯಾಪಕ ಸರ್ ಬರ್ನಾರ್ಡ್ ಕ್ರಿಕ್ ಅವರ ಅಧ್ಯಕ್ಷತೆಯ ಸಮಿತಿಯು ಇದರ ತಳಹದಿಯನ್ನು ಹಾಕಿತು. ವಯಸ್ಸು 18ರಿಂದ 64ರೊಳಗಿರುವವರು ಗಣಕಯಂತ್ರದ ಮುಂದೆ ಕುಳಿತು 45 ನಿಮಿಷಗಳಲ್ಲಿ 24 ಪ್ರಶ್ನೆಗಳಿಗೆ ಉತ್ತರ ಆರಿಸಬೇಕು. 18 ಸರಿಯಾದರೆ ತೇರ್ಗಡೆ. ಶುಲ್ಕ 50 ಪೌಂಡು. ಅನುತ್ತೀರ್ಣನಾದವನು ಮತ್ತೆ ಹಣ ತೆತ್ತು ಎಷ್ಟು ಸಾರಿಯಾದರೂ ಕುಳಿತುಕೊಳ್ಳಬಹುದು. ಒಮ್ಮೆ ಉತ್ತೀರ್ಣನಾದವನು ಪೌರತ್ವಕ್ಕಾಗಿ ಅದನ್ನು ಪುನಃ ಕೊಡಬೇಕಾದ್ದಿಲ್ಲ. ಉದ್ಯೋಗದ ವೀಸಾದವರು ಬಹುಮಟ್ಟಿಗೆ ಐದು ವರ್ಷಗಳ ವಾಸದ ಮೇಲೆ ನೆಲಸುಹಕ್ಕನ್ನು ಬೇಡುತ್ತಿದ್ದರು. ಈ ಅವಧಿಯನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಆಲೋಚನೆಯನ್ನು ಅಲ್ಲಿಯ ಸರಕಾರವು 2025ರ ಮೇ ತಿಂಗಳಲ್ಲಿ ಪ್ರಕಟಿಸಿತು.

ಪ್ರಶ್ನೆಗಳೆಲ್ಲವೂ ಸರಕಾರವೇ ಹೊರಡಿಸಿದ ಒಂದು ಕೈಪಿಡಿಯಿಂದ ಬರುತ್ತವೆ. ಆ ಕೈಪಿಡಿಯ ಮೂರನೆಯ ಆವೃತ್ತಿಯು 2013ರಲ್ಲಿ ಹೊರಬಂದಿತು. ಡರ್‍ಹ್ಯಾಮ್ ವಿಶ್ವವಿದ್ಯಾನಿಲಯದ ಥಾಮ್ ಬ್ರೂಕ್ಸ್ ಅವರು ಅದೇ ವರ್ಷ ಅದನ್ನು ವಿಮರ್ಶಿಸಿ, ಕಷ್ಟಕಾಲದಲ್ಲಿ ಕರೆಯಬೇಕಾದ ದೂರವಾಣಿಯ ಸಂಖ್ಯೆ, ವೈದ್ಯನಲ್ಲಿ ಹೆಸರು ಬರೆಸುವ ಕ್ರಮ ಮುಂತಾದ ಬಳಕೆಯ ಸಂಗತಿಗಳು ಅದರಿಂದ ಬಿಟ್ಟುಹೋಗಿ, ಲಂಡನ್ನಿನ ತಿರುಗುಚಕ್ರದ ಎತ್ತರದಂತಹ ಸಂಗತಿಗಳು ಉಳಿದುಕೊಂಡಿವೆಯೆಂದು ತೋರಿಸಿದರು. ಪಟ್ನಾದಲ್ಲಿ ಹುಟ್ಟಿ ಕಂಪೆನಿಯ ಸೇನೆಯಲ್ಲಿದ್ದ ಸಾಕೆ ದೀನ್ ಮಹಮ್ಮದನು 1810ರಲ್ಲಿ ಲಂಡನ್ನಿನ ಜಾರ್ಜ್ ಬೀದಿಯಲ್ಲಿ ಭಾರತೀಯ ಅಡುಗೆಯ ಭೋಜನಶಾಲೆಯನ್ನು ತೆರೆದನೆಂಬುದು ಆ ಪುಸ್ತಕದಲ್ಲಿದೆ. ಸಂಗತಿಯೇನೋ ಸ್ವಾರಸ್ಯವಾದುದು. ಆದರೆ ರಾತ್ರಿಯೆಲ್ಲ ರೋಗಿಗಳ ಶುಶ್ರೂಷೆ ಮಾಡಿ ಬಂದ ದಾದಿಯು ಆ ಬೀದಿಯ ಹೆಸರನ್ನು ಮರೆತರೆ ಆ ದೇಶದಲ್ಲಿ ಬಾಳಲು ಅವಳಿಗೆ ಯಾವ ಅರ್ಹತೆಯು ಕಡಿಮೆಯಾದಂತಾಯಿತು? ಅಧ್ಯಾಪಕರಾದ ವಾಚಕರಿಗೆ ಈ ರೋಗವು ಅಪರಿಚಿತವಲ್ಲ. ಕವಿಯ ಕಾಲವನ್ನೂ ಬಿರುದನ್ನೂ ಉರು ಹೊಡೆದು ಕಾವ್ಯವನ್ನು ತೆರೆದೂ ನೋಡದೆ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದವರನ್ನು ನಾವೆಲ್ಲರೂ ಕಂಡಿದ್ದೇವೆ.

ಇದಕ್ಕಿಂತ ಗುರುತರವಾದ ಆಕ್ಷೇಪವೂ ಇದೆ. ಸಾಮ್ರಾಜ್ಯವು ಕಾಮನ್‍ವೆಲ್ತ್ ಆಗಿ ಮಾರ್ಪಟ್ಟುದು ಬಹುಮಟ್ಟಿಗೆ ಕ್ರಮಬದ್ಧವಾಗಿಯೇ ನಡೆಯಿತೆಂಬ ಧಾಟಿಯಲ್ಲಿ ಕೈಪಿಡಿಯು ಚರಿತ್ರೆಯನ್ನು ಹೇಳುತ್ತದೆ. 2020ರ ಜುಲೈಯಲ್ಲಿ ನೂರಕ್ಕೆ ಮೀರಿದ ಇತಿಹಾಸಜ್ಞರು ಬಹಿರಂಗ ಪತ್ರ ಬರೆದು, ಗುಲಾಮಗಿರಿಯನ್ನೂ ಸಾಮ್ರಾಜ್ಯವನ್ನೂ ಕುರಿತ ಅಧ್ಯಾಯಗಳು ದಾರಿ ತಪ್ಪಿಸುವಂತಿವೆಯೆಂದು ಹೇಳಿದರು. ನಮ್ಮ ಜಿಲ್ಲೆಯು 1799ರಲ್ಲಿ ಕಂಪೆನಿಯ ವಶವಾಯಿತು. 1837ರಲ್ಲಿ ದಂಗೆಯೆದ್ದವರು ಮಂಗಳೂರನ್ನೇ ಕೆಲವು ದಿನ ಹಿಡಿದಿದ್ದರು. ಆ ಬಳಿಕ ಗಲ್ಲಿನ ಶಿಕ್ಷೆಗಳಾದುವು. ಇಂತಹ ಸೀಮೆಯಿಂದ ಹೋದವನು ಉತ್ತರವನ್ನು ಆರಿಸುವಾಗ ತಾನು ಬಲ್ಲ ಚರಿತ್ರೆಯನ್ನಲ್ಲ, ಪುಸ್ತಕವು ಬಲ್ಲ ಚರಿತ್ರೆಯನ್ನು ಒಪ್ಪಿಸಬೇಕಾಗುತ್ತದೆ. ಅಲ್ಲಿ ಅಳೆಯಲ್ಪಡುವುದು ಅರಿವೇ ಅಥವಾ ವಿಧೇಯತೆಯೇ ಎಂದು ಕೇಳಬಹುದಾಗಿದೆ.

ಒಂದು ವಿಚಿತ್ರವನ್ನು ಇಲ್ಲಿಯೇ ಹೇಳಬೇಕು. ಭಾರತೀಯರು ಕಾಮನ್‍ವೆಲ್ತ್ ಪ್ರಜೆಗಳಾದುದರಿಂದ, ವೀಸಾದ ಮೇಲೆ ಕ್ರಮವಾಗಿ ವಾಸಿಸುತ್ತಿರುವಾಗಲೇ ಬ್ರಿಟನ್ನಿನ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತ ಕೊಡಬಹುದು. ಪಾರ್ಲಿಮೆಂಟನ್ನು ಆರಿಸಲು ಯಾವ ಪರೀಕ್ಷೆಯೂ ಬೇಡ. ಅದರ ಚರಿತ್ರೆಯು ಬಾಯಿಗೆ ಬಾರದಿದ್ದರೆ ನೆಲಸುಹಕ್ಕು ಮಾತ್ರ ಸಿಕ್ಕದು.

ಹೀಗಿದ್ದರೂ ಭಾಷೆಯ ವಿಷಯದಲ್ಲಿ ಬ್ರಿಟಿಷರ ಶಾಸನದಿಂದ ಕಲಿಯತಕ್ಕ ಅಂಶವೊಂದಿದೆ. 1981ರ ಅವರ ರಾಷ್ಟ್ರೀಯತೆಯ ಕಾಯಿದೆಯು ಪೌರತ್ವಕ್ಕೆ ಇಂಗ್ಲಿಷ್, ವೆಲ್ಷ್, ಸ್ಕಾಟ್ಲೆಂಡಿನ ಗೇಲಿಕ್ ಇವುಗಳಲ್ಲಿ ಯಾವುದಾದರೊಂದರ ಸಾಕಷ್ಟು ಜ್ಞಾನವಿದ್ದರೆ ಸಾಕೆನ್ನುತ್ತದೆ. ಮೇಲ್ಕಂಡ ಪರೀಕ್ಷೆಯನ್ನೂ ವೇಲ್ಸಿನಲ್ಲಿ ವೆಲ್ಷ್ ಭಾಷೆಯಲ್ಲಿ, ಸ್ಕಾಟ್ಲೆಂಡಿನಲ್ಲಿ ಗೇಲಿಕ್ಕಿನಲ್ಲಿ ಕೊಡಲು ಅವಕಾಶವುಂಟು. 2021ರ ಜನಗಣತಿಯಂತೆ ವೇಲ್ಸಿನಲ್ಲಿ ವೆಲ್ಷ್ ಬಲ್ಲವರು ಸುಮಾರು 5,38,000. ಗೇಲಿಕ್ ಆಡುವವರು ಅದಕ್ಕಿಂತ ಎಷ್ಟೋ ಕಡಿಮೆ. ಒಂದು ಸೀಮೆಯ ಮಾತನ್ನು ಕಲಿತವನೂ ಆ ರಾಜ್ಯವನ್ನು ಬಲ್ಲವನೇ ಎಂಬುದು ಇದರ ತಾತ್ಪರ್ಯ.

ಭಾರತದಲ್ಲಿ ಇಂತಹ ಪ್ರಶ್ನಪತ್ರಿಕೆಯಿಲ್ಲ. 1955ರ ಪೌರತ್ವದ ಕಾಯಿದೆಯ ಮೂರನೆಯ ಅನುಸೂಚಿಯು ದೇಶೀಕರಣವನ್ನು ಬೇಡುವ ವಿದೇಶೀಯನಿಗೆ ವಾಸದ ಅವಧಿ, ಸನ್ನಡತೆ ಇವುಗಳೊಡನೆ ಭಾಷಾಜ್ಞಾನವನ್ನು ವಿಧಿಸುತ್ತದೆ: ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಹೇಳಿದ ಭಾಷೆಗಳಲ್ಲಿ ಒಂದನ್ನಾದರೂ ಅವನು ತಕ್ಕಮಟ್ಟಿಗೆ ಬಲ್ಲವನಾಗಿರಬೇಕು. 1950ರಲ್ಲಿ ಆ ಪಟ್ಟಿಯಲ್ಲಿದ್ದುವು 14 ಭಾಷೆಗಳು, ಈಗ 22. ಕನ್ನಡವು ಮೊದಲಿನಿಂದಲೂ ಇದೆ, ಕೊಂಕಣಿಯು 1992ರಲ್ಲಿ ಸೇರಿತು, ತುಳುವು ಸೇರಿಲ್ಲ. 2011ರ ಜನಗಣತಿಯಲ್ಲಿ ತುಳುವನ್ನು ಮಾತೃಭಾಷೆಯೆಂದು ಬರೆಸಿದವರು 18 ಲಕ್ಷಕ್ಕೆ ಮೀರಿದ್ದರು. ಪಟ್ಟಿಯಲ್ಲಿರುವ ಬೋಡೋ, ಮಣಿಪುರಿಗಳ ಸಂಖ್ಯೆಯು ಅದಕ್ಕಿಂತ ಕಡಿಮೆ.

ಮೂಡುಬಿದಿರೆಯಲ್ಲಿ ಇದರ ಫಲವು ಹೇಗಾಗುವುದೆಂಬುದನ್ನು ಯೋಚಿಸಬೇಕು. ಬರಹವೊಂದು, ಆಡುಮಾತೊಂದು ಎಂಬುದು ಆ ಊರಿನ ಹಳೆಯ ರೂಢಿ. ಪ್ರಾಕೃತದ ಧವಲಾದಿ ಸಿದ್ಧಾಂತಗ್ರಂಥಗಳು ಅಲ್ಲಿ ಹಳಗನ್ನಡದ ಲಿಪಿಯಲ್ಲಿ ಓಲೆಗಳ ಮೇಲೆ ಉಳಿದುಬಂದುವು. ರತ್ನಾಕರವರ್ಣಿಯು ತನ್ನ ಸಾಂಗತ್ಯವನ್ನು ಕನ್ನಡದಲ್ಲಿ ರಚಿಸಿದನು. ಪೇಟೆಯಲ್ಲಿಯೂ ಗದ್ದೆಯಲ್ಲಿಯೂ ನಡೆಯುವ ವ್ಯವಹಾರವೆಲ್ಲ ತುಳುವಿನಲ್ಲಿ. ವಿದೇಶದಿಂದ ಬಂದೊಬ್ಬನು ಅಲ್ಲಿ ಹನ್ನೆರಡು ವರ್ಷ ಬಾಳಿ, ನೆರೆಹೊರೆಯವರೊಡನೆ ತುಳುವಿನಲ್ಲಿಯೇ ಸುಖದುಃಖಗಳನ್ನಾಡುವಷ್ಟು ಹೊಂದಿಕೊಂಡರೂ, ಕಾಯಿದೆಯ ಕಣ್ಣಿನಲ್ಲಿ ಅವನಿಗೆ ತಕ್ಕ ಭಾಷಾಜ್ಞಾನವಿಲ್ಲ.

ಇದು ಬರಿಯ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಬಾಸೆಲ್ ಮಿಷನ್ನಿನ ಬ್ರಿಗೆಲ್ ಎಂಬುವರು 1872ರಲ್ಲಿ ತುಳುವಿನ ವ್ಯಾಕರಣವನ್ನೂ, ಮ್ಯಾನರ್ ಎಂಬುವರು 1886ರಲ್ಲಿ ತುಳು-ಇಂಗ್ಲಿಷ್ ನಿಘಂಟನ್ನೂ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅಂತಹ ವಿದ್ವಾಂಸನೊಬ್ಬನು ಇಂದು ಆ ನಿಘಂಟನ್ನೇ ಕೈಯಲ್ಲಿ ಹಿಡಿದು ಅರ್ಜಿ ಹಾಕಿದರೂ ತುಳುವಿನ ಬಲದಿಂದ ಭಾಷೆಯ ನಿಬಂಧನೆಯು ಪೂರೈಸುವುದಿಲ್ಲ. ಸಾಹಿತ್ಯವೇ ಮೊದಲಾದುವುಗಳಲ್ಲಿ ವಿಶಿಷ್ಟಸೇವೆ ಸಲ್ಲಿಸಿದವರಿಗೆ ನಿಬಂಧನೆಗಳನ್ನು ಸಡಿಲಿಸುವ ಅಧಿಕಾರವು ಕೇಂದ್ರ ಸರಕಾರಕ್ಕಿರುವುದರಿಂದ ಅದರ ದಾಕ್ಷಿಣ್ಯವನ್ನು ಅವನು ಕಾಯಬೇಕು, ಇಲ್ಲವೆ ಕನ್ನಡವನ್ನೋ ಕೊಂಕಣಿಯನ್ನೋ ಕಲಿಯಬೇಕು. ಕರ್ನಾಟಕ ಸರಕಾರವು 2023ರಲ್ಲಿ ಮೂಡುಬಿದಿರೆಯ ಡಾ. ಎಂ. ಮೋಹನ ಆಳ್ವ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿ ವಿಚಾರಿಸಿದುದು ತುಳುವನ್ನು ರಾಜ್ಯದ ಎರಡನೆಯ ಅಧಿಕೃತ ಭಾಷೆಯಾಗಿ ಮಾಡುವ ವಿಷಯವನ್ನು. ಅದು ಕೈಗೂಡಿದರೂ ಪೌರತ್ವದ ಈ ನಿಬಂಧನೆಯು ಬದಲಾಗುವುದಿಲ್ಲ. ಅದಕ್ಕೆ ಎಂಟನೆಯ ಅನುಸೂಚಿಯೇ ತಿದ್ದುಪಡಿಯಾಗಬೇಕು.