ರಾತ್ರಿಯ ಹಸಿವು ಮತ್ತು ಕಿರಿದಾದ ಜಠರ

ಸ್ಥೂಲಕಾಯದ ನಿವಾರಣೆಗಾಗಿ ಜಠರದ ಮೇಲೆ ನಡೆಸುವ ಶಸ್ತ್ರಚಿಕಿತ್ಸೆಯು ಮುಂಬಯಿ, ಪುಣೆ, ಚೆನ್ನೈಗಳಂತಹ ಮಹಾನಗರಗಳ ಕನ್ನಡಿಗ ಕುಟುಂಬಗಳಿಗೆ ಈಗ ಅಪರಿಚಿತವಾಗಿ ಉಳಿದಿಲ್ಲ. ಮಧುಮೇಹ, ರಕ್ತದೊತ್ತಡ, ಮೊಣಕಾಲಿನ ನೋವು, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಮುಂತಾದವುಗಳಿಂದ ಬಳಲಿ, ಪಥ್ಯ ವ್ಯಾಯಾಮಗಳಿಂದ ನಿರೀಕ್ಷಿತ ಫಲ ಕಾಣದೆ, ವೈದ್ಯರ ಸಲಹೆಯ ಮೇರೆಗೆ ಈ ಮಾರ್ಗವನ್ನು ಹಿಡಿದವರು ಅನೇಕರು. ಎಷ್ಟು ಕಿಲೋ ಇಳಿಯಿತು, ಹಳೆಯ ಅಂಗಿ ಎಷ್ಟು ಸಡಿಲವಾಯಿತು ಎಂಬ ವಿಷಯಗಳು ಬಹಿರಂಗವಾಗಿಯೇ ಚರ್ಚೆಯಾಗುತ್ತವೆ. ಆದರೆ ರಾತ್ರಿ ಹತ್ತು ಗಂಟೆಯ ಮೇಲೆ ಅಡುಗೆಮನೆಯ ಕಡೆಗೆ ಕಾಲೆಳೆಯುವ ಆ ವಿಚಿತ್ರ ಆಸೆಯ ಬಗ್ಗೆ ಬಾಯಿ ಬಿಡುವವರು ವಿರಳ. ಲಕ್ಷಗಟ್ಟಲೆ ಹಣ ವೆಚ್ಚ ಮಾಡಿ, ನೋವುಂಡು, ಕೊನೆಗೆ ಚಕ್ಕುಲಿಯ ಡಬ್ಬಿಯ ಮುಂದೆ ಸೋತೆನೆಂದು ಹೇಳಿಕೊಳ್ಳಲು ಯಾರಿಗೆ ತಾನೆ ಸಂಕೋಚವಾಗದು? ಹೀಗಾಗಿ ವಿಷಯ ವೈದ್ಯರ ಕಿವಿಗೂ ಬೀಳುವುದಿಲ್ಲ. ತೂಕದ ಯಂತ್ರದ ಮುಳ್ಳು ಮತ್ತೆ ಮೇಲೇರತೊಡಗಿದ ಮೇಲಷ್ಟೇ ಗುಟ್ಟು ರಟ್ಟಾಗುತ್ತದೆ.

ಇದನ್ನು ಕೇವಲ ಮನೋದೌರ್ಬಲ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದಕ್ಕೆ ಕಾರಣಗಳಿವೆ. ಅವುಗಳಲ್ಲಿ ಬಹುಪಾಲು ಹಗಲಿನಲ್ಲಿಯೇ ಅಡಗಿವೆ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ ಅವರು ಬೊಜ್ಜಿನ ಪರಿಹಾರಕ್ಕಾಗಿ ಜಠರದ ಬೈಪಾಸ್ ಕ್ರಮವನ್ನು 1966ರಲ್ಲಿ ಆರಂಭಿಸಿದರು. ಇಂದಿನ ಬೈಪಾಸ್ ಚಿಕಿತ್ಸೆಯಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಉಳಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಲಾಗುತ್ತದೆ. ಸ್ಲೀವ್ ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಗಿಲಾಗಿ ಕತ್ತರಿಸಿ ತೆಗೆದು, ಬಾಳೆಕಾಯಿಯಂತಹ ಕೊಳವೆಯೊಂದನ್ನು ಮಾತ್ರ ಉಳಿಸುತ್ತಾರೆ. ಹಸಿವನ್ನು ಕೆರಳಿಸುವ ಘ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ಇದು ಮುಖ್ಯವಾಗಿ ಉತ್ಪತ್ತಿಯಾಗುವುದು ಸ್ಲೀವ್‌ನಲ್ಲಿ ಕತ್ತರಿಸಲ್ಪಡುವ ಆ ಮೇಲ್ಭಾಗದಲ್ಲಿಯೇ. ಆದುದರಿಂದ ಮೊದಲ ಕೆಲವು ತಿಂಗಳು ಹಸಿವೆಂಬುದೇ ಇಲ್ಲವೇನೋ ಎನಿಸುವುದುಂಟು. ವರ್ಷವೊಂದು ಕಳೆಯುವ ಹೊತ್ತಿಗೆ ಹಲವರಲ್ಲಿ ಅದು ಮೆಲ್ಲನೆ ಮರಳುತ್ತದೆ. ಚಿಕಿತ್ಸೆ ಕೈಕೊಟ್ಟಿತೆಂದು ಆಗ ಗಾಬರಿಯಾಗಬೇಕಾಗಿಲ್ಲ. ಜಠರ ಕಿರಿದಾಗಿದೆ, ನಿಜ. ನಲವತ್ತು ವರ್ಷಗಳ ಅಭ್ಯಾಸ ಕಿರಿದಾಗಿಲ್ಲ.

ರಾತ್ರಿಯೇ ಏಕೆ? ಇದಕ್ಕೆ ದೇಹದೊಳಗಿನ ಗಡಿಯಾರವೂ ಸ್ವಲ್ಪ ಹೊಣೆ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರನ್ನು ಮಂದಬೆಳಕಿನ ಕೊಠಡಿಗಳಲ್ಲಿಟ್ಟು, ನಿದ್ರೆ ಆಹಾರಗಳ ಸಮಯವನ್ನು ಬದಲಿಸುತ್ತಾ ಪರೀಕ್ಷಿಸಲಾಯಿತು. ಶರೀರದ ಗಡಿಯಾರದ ಲೆಕ್ಕದಲ್ಲಿ ಹಸಿವು ಬೆಳಗಿನ ಎಂಟರ ಸುಮಾರಿಗೆ ಅತಿ ಕಡಿಮೆಯೂ ಸಂಜೆಯ ಎಂಟರ ಸುಮಾರಿಗೆ ಅತಿ ಹೆಚ್ಚೂ ಇರುವುದು ಕಂಡುಬಂದಿತು. ನಿದ್ರೆಗೆಟ್ಟವರಿಗೆ ಹಸಿವು ಹೆಚ್ಚೆಂಬುದೂ ತಿಳಿದ ಸಂಗತಿಯೇ.

ಇದರ ಜೊತೆಗೆ ಮಹಾನಗರದ ದಿನಚರಿ ಸೇರಿಕೊಳ್ಳುತ್ತದೆ. ಡೊಂಬಿವಲಿಯಿಂದ ಕೋಟೆ ಪ್ರದೇಶದ ಕಚೇರಿಗೆ ಹೋಗಿಬರುವ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳಬಹುದು. ಬೆಳಗಿನ ಲೋಕಲ್ ತಪ್ಪಬಾರದೆಂದು ಎರಡು ಇಡ್ಲಿ. ಅದರಲ್ಲಿರುವ ಪ್ರೋಟೀನು ನಾಲ್ಕು ಗ್ರಾಮಿನಷ್ಟು. ಮಧ್ಯಾಹ್ನ ಡಬ್ಬಿಯ ಅನ್ನ ಸಾರಿನಲ್ಲಿ ಅರ್ಧ ಮಾತ್ರ ಒಳಗೆ ಹೋಗುತ್ತದೆ. ಸಂಜೆ ಒಂದು ಚಹ. ಮನೆ ಮುಟ್ಟುವಾಗ ಎಂಟೂವರೆ, ಊಟಕ್ಕೆ ಕೂರುವಾಗ ಒಂಬತ್ತೂವರೆ. ಶಸ್ತ್ರಚಿಕಿತ್ಸೆಯಾದವರಿಗೆ ಸಾಮಾನ್ಯವಾಗಿ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕೆಂದು ವೈದ್ಯರು ಸೂಚಿಸುತ್ತಾರೆ. ಈ ಗೃಹಸ್ಥರ ಖಾತೆಯಲ್ಲಿ ಸಂಜೆಯ ವೇಳೆಗೆ ಅದರ ಕಾಲು ಭಾಗವೂ ಜಮೆಯಾಗಿರುವುದಿಲ್ಲ. ಹಗಲೆಲ್ಲ ಬಾಕಿ ಉಳಿದ ಸಾಲವನ್ನು ದೇಹವು ರಾತ್ರಿ ಹತ್ತಕ್ಕೆ ವಸೂಲಿ ಮಾಡಲು ಬರುತ್ತದೆ. ಹೆಂಗಸರ ಪಾಡು ಇನ್ನೂ ಕಠಿಣ. ದಾರಿಯಲ್ಲಿ ಶೌಚಾಲಯದ ಅನುಕೂಲವಿಲ್ಲವೆಂದು ಹಗಲೆಲ್ಲ ನೀರನ್ನೇ ಕುಡಿಯದವರಿದ್ದಾರೆ. ರಾತ್ರಿಯ ಬಾಯಾರಿಕೆಯೇ ಹಸಿವಿನ ವೇಷದಲ್ಲಿ ಬರುತ್ತದೆ.

ಇನ್ನೊಂದು ಸೂಕ್ಷ್ಮವನ್ನು ವಿಶೇಷವಾಗಿ ಗಮನಿಸಬೇಕು. ಕಿರಿದಾದ ಜಠರದಲ್ಲಿ ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಮೊಳಕೆಕಾಳಿನ ಉಸಲಿ ಬೇಗನೆ ತುಂಬಿದಂತಾಗಿ, ಬಹಳ ಹೊತ್ತು ನಿಲ್ಲುತ್ತದೆ. ಊರಿನಿಂದ ಬಂದ ಅವಲಕ್ಕಿ ಚೂಡಾ, ಕೋಡುಬಳೆ, ಬಿಸ್ಕತ್ತು, ಫರಸಾಣಗಳಾದರೋ ಬಾಯಲ್ಲಿ ಪುಡಿಯಾಗಿ, ಎಂಜಲಿನಲ್ಲಿ ಕರಗಿ, ತಡೆಯಿಲ್ಲದೆ ಕೆಳಗಿಳಿಯುತ್ತವೆ. ಹೊಟ್ಟೆ ತುಂಬಿತೆಂಬ ಸೂಚನೆಯೇ ಬರುವುದಿಲ್ಲ. ಸಕ್ಕರೆ ಹಾಕಿದ ಹಾಲು, ಐಸ್‌ಕ್ರೀಮುಗಳೂ ಹಾಗೆಯೇ. "ಊಟ ಸೇರುವುದಿಲ್ಲ, ಚೂಡಾ ಮಾತ್ರ ಹಿತವಾಗುತ್ತದೆ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಸುಲಭವಾಗಿ ಇಳಿಯುವ ತಿನಿಸೇ ಶಸ್ತ್ರಚಿಕಿತ್ಸೆಯ ಕಟ್ಟುಪಾಡನ್ನು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ, ಅಷ್ಟೆ. ಹಿಡಿ ಹಿಡಿಯಾಗಿ ಗಂಟೆಗಟ್ಟಲೆ ಮೆಲ್ಲುವುದು ಚಿಲ್ಲರೆ ಖರ್ಚಿನಂತೆ. ಯಾವ ಪುಸ್ತಕದಲ್ಲಿಯೂ ದಾಖಲಾಗದೆ ತಿಂಗಳ ಕೊನೆಗೆ ದೊಡ್ಡ ಮೊತ್ತವಾಗಿ ನಿಲ್ಲುತ್ತದೆ.

ಆದುದರಿಂದ ರಾತ್ರಿಯನ್ನು ಗೆಲ್ಲುವ ಪ್ರಯತ್ನ ಸಂಜೆ ಐದೂವರೆಗೆ ಆರಂಭವಾಗತಕ್ಕದ್ದು. ಕಚೇರಿ ಬಿಡುವ ಮುನ್ನ ಒಂದು ಬೇಯಿಸಿದ ಮೊಟ್ಟೆ, ಕೆಲವು ತುಂಡು ಪನೀರು, ಇಲ್ಲವೆ ಗಟ್ಟಿ ಮೊಸರು ಹೊಟ್ಟೆಗೆ ಬಿದ್ದರೆ ಮನೆ ಮುಟ್ಟುವಾಗಿನ ಆವೇಶ ಅರ್ಧ ಇಳಿದಿರುತ್ತದೆ. ರಾತ್ರಿಯ ತಟ್ಟೆಯಲ್ಲಿ ಅನ್ನಕ್ಕಿಂತ ಮೊದಲು ತೊವ್ವೆ, ಪಲ್ಯದ ಕಾಳು, ಮೀನುಣ್ಣುವವರಾದರೆ ಬಂಗುಡೆ. ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನಿದೆ. ಊಟದ ಜೊತೆಗೂ, ಊಟವಾದ ಅರ್ಧ ಗಂಟೆಯವರೆಗೂ ನೀರು ಬೇಡ. ಉಳಿದ ವೇಳೆಯಲ್ಲಿ ಗುಟುಕು ಗುಟುಕಾಗಿ ಧಾರಾಳವಾಗಿ ಕುಡಿಯಬಹುದು. ಇಷ್ಟಾದ ಮೇಲೂ ರಾತ್ರಿ ಆಸೆ ತಲೆಯೆತ್ತಿದರೆ ತನ್ನನ್ನು ತಾನೇ ಒಂದು ಪ್ರಶ್ನೆ ಕೇಳಿಕೊಳ್ಳುವುದು ಲೇಸು: ಒಗ್ಗರಣೆಯಿಲ್ಲದ ಸಪ್ಪೆ ತೊವ್ವೆ ಈಗ ರುಚಿಸುತ್ತದೆಯೇ? ರುಚಿಸುವುದಾದರೆ ಅದು ನಿಜವಾದ ಹಸಿವು. ತಟ್ಟೆಯಲ್ಲಿ ಬಡಿಸಿಕೊಂಡು, ಕುಳಿತು, ಸ್ವಲ್ಪ ತಿನ್ನುವುದರಲ್ಲಿ ತಪ್ಪಿಲ್ಲ. ಚಕ್ಕುಲಿಯೇ ಬೇಕೆಂದಾದರೆ ಅದು ನಾಲಿಗೆಯ ಹಟ. ಒಂದು ಲೋಟ ನೀರುಮಜ್ಜಿಗೆಯಲ್ಲಿ, ಹಲ್ಲುಜ್ಜಿ ದೀಪ ಆರಿಸುವುದರಲ್ಲಿ, ಕಾಲು ಗಂಟೆಯಲ್ಲಿ ಸಾಮಾನ್ಯವಾಗಿ ತಣ್ಣಗಾಗುತ್ತದೆ.

ವ್ರತ ಉಪವಾಸಗಳ ಮಾತನ್ನೂ ಇಲ್ಲಿ ಆಡಲೇಬೇಕು. ಶನಿವಾರದ ಒಪ್ಪತ್ತು, ಏಕಾದಶಿಗಳನ್ನು ಪರಸ್ಥಳದಲ್ಲಿಯೂ ಬಿಡದೆ ನಡೆಸಿಕೊಂಡು ಬಂದ ಮನೆತನಗಳಿವೆ. ಹಗಲೆಲ್ಲ ಬರಿಹೊಟ್ಟೆಯಲ್ಲಿದ್ದು ರಾತ್ರಿ ಸಾಬುದಾಣೆ ಖಿಚಡಿಯ ಫಲಾಹಾರ ಮಾಡುವ ಕ್ರಮ ಕಿರಿದಾದ ಜಠರಕ್ಕೆ ಹೊಂದುವುದಿಲ್ಲ. ರೋಗಿಗಳಿಗೂ ವೃದ್ಧರಿಗೂ ವಿನಾಯಿತಿ ಕೊಡುವ ವಾಡಿಕೆ ಹಿರಿಯರಲ್ಲಿಯೇ ಇತ್ತು; ಅದನ್ನು ಬಳಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ.

ಎಲ್ಲ ರಾತ್ರಿಯ ತಿನಿಸೂ ಹಸಿವು ಅಥವಾ ಚಪಲವೇ ಆಗಿರಬೇಕೆಂದಿಲ್ಲ. ಬೈಪಾಸ್ ಆದ ಕೆಲವರಲ್ಲಿ, ಸಾಮಾನ್ಯವಾಗಿ ವರ್ಷವೊಂದು ಕಳೆದ ಮೇಲೆ, ಸಿಹಿ ತಿಂದ ಒಂದರಿಂದ ಮೂರು ಗಂಟೆಯೊಳಗೆ ರಕ್ತದ ಸಕ್ಕರೆ ಥಟ್ಟನೆ ಕುಸಿದು ಬೆವರು, ನಡುಕ, ಎದೆಬಡಿತ, ತಡೆಯಲಾರದ ಹಸಿವು ಉಂಟಾಗುತ್ತವೆ. ಮತ್ತೆ ಸಿಹಿ ತಿಂದರೆ ಅದೇ ಚಕ್ರ ಮರುಕಳಿಸುತ್ತದೆ. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣವನ್ನು ಹೊಸ ತೂಕಕ್ಕೆ ತಕ್ಕಂತೆ ಇಳಿಸದಿದ್ದರೂ ಸಕ್ಕರೆ ಕುಸಿಯಬಲ್ಲದು. ಸ್ಲೀವ್ ಆದವರಿಗೆ ಎದೆಯುರಿ ಸಾಮಾನ್ಯ. ಆ ಸಂಕಟವನ್ನೇ ಹಸಿವೆಂದು ಬಗೆದು ತಿಂದು ಮಲಗಿದರೆ ಉರಿ ಇಮ್ಮಡಿಸುತ್ತದೆ. ರಾತ್ರಿಯೂಟವಾದ ಮೇಲೆ ದಿನದ ಆಹಾರದ ಕಾಲು ಭಾಗದಷ್ಟನ್ನೋ ಹೆಚ್ಚನ್ನೋ ತಿನ್ನುವುದು, ವಾರಕ್ಕೆ ಎರಡು ಬಾರಿಯಾದರೂ ನಿದ್ರೆಯಿಂದೆದ್ದು ತಿನ್ನುವುದು, ಬೆಳಗ್ಗೆ ಹಸಿವೇ ಇಲ್ಲದಿರುವುದು ಇವು ಪ್ರತ್ಯೇಕ ವ್ಯಾಧಿಯೊಂದರ ಲಕ್ಷಣಗಳು. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕಾರ್ಡ್ ಅವರು 1955ರಲ್ಲಿಯೇ ಈ ರೋಗವನ್ನು ವರ್ಣಿಸಿದ್ದರು. ಅದಕ್ಕೆ ಚಿಕಿತ್ಸೆಯಿದೆ. ಬೆಳಗ್ಗೆ ಎದ್ದಾಗ ಅಡುಗೆಮನೆಯಲ್ಲಿ ತಟ್ಟೆಯಿದ್ದು, ತಿಂದ ನೆನಪೇ ಇಲ್ಲದಿದ್ದರೆ ನಿದ್ರೆಯ ಮಾತ್ರೆಯ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಜೋಲ್ಪಿಡೆಮ್‌ನಂತಹ ಮಾತ್ರೆಗಳಿಂದ ಹೀಗಾಗುವುದುಂಟು. ಒಂದು ವಾರ ಏನು, ಎಷ್ಟು ಹೊತ್ತಿಗೆ ತಿಂದದ್ದೆಂದು ಪುಟ್ಟ ಪುಸ್ತಕದಲ್ಲಿ ಬರೆದು ಒಯ್ದರೆ ವೈದ್ಯರ ಕೆಲಸ ಅರ್ಧ ಹಗುರಾಗುತ್ತದೆ. ಗಂಟೆಯನ್ನು ನಮೂದಿಸದ ಪಟ್ಟಿಯಿಂದ ಹೆಚ್ಚು ಪ್ರಯೋಜನವಿಲ್ಲ.

ಮನೆಯವರ ಪಾತ್ರ ನಾಜೂಕಿನದು. "ಇಷ್ಟೇ ಉಂಡರೆ ಜೀವ ನಿಂತೀತೇ?" ಎಂದು ಇನ್ನೊಂದು ಸೌಟು ಬಡಿಸುವ ತಾಯಿಯ ಅಕ್ಕರೆಯೂ, ಫ್ರಿಜ್ಜಿನ ಬಾಗಿಲ ಸದ್ದಾದೊಡನೆ "ಯಾರದು?" ಎಂದು ಕೂಗುವ ಕಾವಲೂ ಸಮಾನವಾಗಿ ಕೆಡುಕು. ಕಾವಲು ಬಲವಾದಷ್ಟೂ ಕಳ್ಳತನ ಜಾಣ್ಮೆ ಕಲಿಯುತ್ತದೆ. ಅದರ ಬದಲು ಕರಿದ ತಿಂಡಿಯ ಡಬ್ಬಿಗಳನ್ನು ಕೈಗೆಟುಕದ ಅಟ್ಟಕ್ಕೇರಿಸಿ, ರಾತ್ರಿಯ ಊಟವನ್ನು ಇಡೀ ಮನೆಯೇ ಒಂದು ಗಂಟೆ ಮುಂಚಿತವಾಗಿ ಮುಗಿಸಿದರೆ ಉಪಕಾರವಾದೀತು.

ಇನ್ನು ಹೋಟೆಲು ಉದ್ಯಮದಲ್ಲಿರುವ ಕನ್ನಡಿಗರ ಪ್ರಶ್ನೆಯೇ ಬೇರೆ. ಮುಂಬಯಿಯಲ್ಲಿ ಅವರ ಸಂಖ್ಯೆ ಕಡಿಮೆಯೇನಲ್ಲ. ಗಲ್ಲೆ ಮುಚ್ಚಿ ಲೆಕ್ಕ ಮುಗಿಸುವಾಗಲೇ ಮಧ್ಯರಾತ್ರಿಯಾಗುವವರಿಗೆ "ಎಂಟಕ್ಕೆ ಉಣ್ಣಿರಿ" ಎಂಬ ಉಪದೇಶ ಹಾಸ್ಯಾಸ್ಪದವಾದೀತು. ಅವರು ಗಡಿಯಾರವನ್ನು ಬಿಟ್ಟು ತಮ್ಮ ನಿದ್ರೆಯ ವೇಳೆಯಿಂದ ಹಿಂದಕ್ಕೆ ಎಣಿಸಬೇಕು. ಸಂಜೆಯ ಗಿರಾಕಿಗಳ ನೂಕುನುಗ್ಗಲಿಗೆ ಮುಂಚೆ, ಆರು ಗಂಟೆಗೆ, ಮುಖ್ಯ ಊಟ. ಹತ್ತರ ಸುಮಾರಿಗೆ ಅಡುಗೆಮನೆಯಿಂದ ಒಂದು ಬಟ್ಟಲು ತೊವ್ವೆ ಅಥವಾ ಮೊಸರು. ಅಲ್ಲಿಂದ ಮುಂದೆ, ಎಣ್ಣೆಯಿಂದ ಆಗ ತಾನೆ ತೆಗೆದ ವಡೆ ಎದುರಿಗಿದ್ದರೂ, ಹಾಸಿಗೆ ಸೇರುವವರೆಗೆ ನೀರು ಮಾತ್ರ.