ಅಡಗಿದ ಅಲೆ

ಗುಡಿಯ ಗಂಟೆಯನ್ನು ಒಮ್ಮೆ ಬಾರಿಸಿದರೆ ಅದರ ನಾದವು ಸ್ವಲ್ಪ ಹೊತ್ತು ಅನುರಣಿಸಿ, ಕ್ರಮೇಣ ಕ್ಷೀಣಿಸಿ, ಕೊನೆಗೆ ಅಡಗಿಹೋಗುತ್ತದೆ. ಆ ನಾದವು ಎಲ್ಲಿಗೆ ಹೋಯಿತು? ಗಾಳಿಯ ಅಣುಗಳು ಸದಾ ಒಂದನ್ನೊಂದು ತಾಕುತ್ತಿರುತ್ತವೆ. ಅಲೆಯ ಕ್ರಮಬದ್ಧವಾದ ಚಲನೆಯು ಆ ತಾಕಲಾಟದಲ್ಲಿ ಚೆದುರಿ ಉಷ್ಣವಾಗಿ ಪರಿಣಮಿಸುತ್ತದೆ. ಹಾಗಾದರೆ ತಾಕಲಾಟವೇ ಇಲ್ಲದ ಕಡೆ ಅಲೆಯೊಂದು ಎದ್ದರೆ ಅದು ಎಂದೆಂದಿಗೂ ಅಡಗಬಾರದಲ್ಲವೆ? ಯಾರಿಗಾದರೂ ಹಾಗೆಯೇ ತೋರುತ್ತದೆ. ಆದರೆ ನಿಸರ್ಗದ ರೀತಿ ಬೇರೆ.

ಅನಿಲವನ್ನು ಅತಿಯಾಗಿ ಕಾಯಿಸಿದಾಗ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಋಣ ವಿದ್ಯುದಾವೇಶದ ಎಲೆಕ್ಟ್ರಾನುಗಳೂ ಧನ ವಿದ್ಯುದಾವೇಶದ ಅಯಾನುಗಳೂ ಬೆರೆತಿರುವ ಈ ಸ್ಥಿತಿಗೆ ಪ್ಲಾಸ್ಮಾ ಎಂದು ಹೆಸರು. 1928ರಲ್ಲಿ ಈ ಹೆಸರನ್ನಿಟ್ಟವರು ಅಮೆರಿಕದ ವಿಜ್ಞಾನಿ ಅರ್ವಿಂಗ್ ಲ್ಯಾಂಗ್‌ಮ್ಯೂರ್. ಸೂರ್ಯನೂ ನಕ್ಷತ್ರಗಳೂ ಪ್ಲಾಸ್ಮಾ. ಮಿಂಚಿನ ಗೆರೆಯೂ ಪ್ಲಾಸ್ಮಾ. ಅದರೊಳಗೆ ಎಲೆಕ್ಟ್ರಾನುಗಳ ಒಂದು ಗುಂಪು ತನ್ನ ಎಡೆಯಿಂದ ಸರಿದರೆ, ಹಿಂದೆ ಉಳಿದ ಅಯಾನುಗಳು ಅದನ್ನು ಮರಳಿ ಸೆಳೆಯುತ್ತವೆ. ಸೆಳೆತಕ್ಕೆ ಸಿಕ್ಕ ಗುಂಪು ಉಯ್ಯಾಲೆಯಂತೆ ಆಚೆ ಬದಿಗೂ ಸಾಗಿಬಿಡುತ್ತದೆ. ಹೀಗೆ ಹುಟ್ಟುವ ವಿದ್ಯುತ್ತಿನ ಅಲೆ ಪ್ಲಾಸ್ಮಾದಲ್ಲಿ ಮುಂದುವರಿಯುತ್ತದೆ. ಪ್ಲಾಸ್ಮಾ ವಿರಳವಾಗಿಯೂ ಬಿಸಿಯಾಗಿಯೂ ಇದ್ದಲ್ಲಿ ಕಣಗಳ ತಾಕಲಾಟ ಬಲು ಅಪರೂಪ.

1938ರಲ್ಲಿ ರಷ್ಯದ ಅನಟೋಲಿ ವ್ಲಾಸೊವ್ ತಾಕಲಾಟವನ್ನು ಕೈಬಿಟ್ಟು ಪ್ಲಾಸ್ಮಾದ ವರ್ತನೆಯನ್ನು ಒಂದು ಸಮೀಕರಣದಲ್ಲಿ ಹಿಡಿದಿಟ್ಟರು. ಅವರ ದೇಶದವರೇ ಆದ ಲೆವ್ ಲ್ಯಾಂಡೌ 1946ರಲ್ಲಿ ಅದನ್ನು ಹೆಚ್ಚು ಎಚ್ಚರದಿಂದ ಬಿಡಿಸಿದಾಗ ವಿಚಿತ್ರವಾದ ಉತ್ತರ ಬಂತು: ತಾಕಲಾಟವಿಲ್ಲದಿದ್ದರೂ ಅಲೆ ಅಡಗುತ್ತದೆ. ಈ ಮಾತಿಗೆ ಆಗ ಇದ್ದ ಆಧಾರ ಗಣಿತವೊಂದೇ.

ಅಲೆಯ ಶಕ್ತಿಯನ್ನು ಕದ್ದವರು ಯಾರು? ಕಡಲಿನಲ್ಲಿ ತೇಲುವ ತೆಂಗಿನಕಾಯಿಯನ್ನು ನೆನೆದರೆ ವಿಷಯ ತಿಳಿಯಾಗುತ್ತದೆ. ಅಲೆ ಬಂದಾಗ ಅದು ಮೇಲೇರುತ್ತದೆ, ಅಲೆ ದಾಟಿದಾಗ ಕೆಳಗಿಳಿಯುತ್ತದೆ. ಹೆಚ್ಚು ದೂರ ಸಾಗುವುದಿಲ್ಲ. ಆದರೆ ಮೀನುಗಾರನು ಅಲೆಯ ವೇಗಕ್ಕೆ ಸರಿಸುಮಾರು ಸಮನಾಗಿ ದೋಣಿಯನ್ನು ದಡದ ಕಡೆಗೆ ಹುಟ್ಟುಹಾಕಿದರೆ ಅಲೆ ಅವನನ್ನು ತಳ್ಳಿಕೊಂಡೇ ಹೋಗುತ್ತದೆ. ಪ್ಲಾಸ್ಮಾದಲ್ಲಿಯೂ ಹಾಗೆಯೇ. ಅಲೆಗಿಂತ ತೀರ ನಿಧಾನವಾದ ಅಥವಾ ತೀರ ವೇಗವಾದ ಎಲೆಕ್ಟ್ರಾನು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ತಳ್ಳಲ್ಪಟ್ಟು, ಕೊನೆಗೆ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಉಳಿಯುತ್ತದೆ. ಅಲೆಯ ಜೊತೆಜೊತೆಗೇ ಸಾಗುವ ಎಲೆಕ್ಟ್ರಾನಿಗಾದರೋ ಆ ತಳ್ಳುವಿಕೆ ಬಹಳ ಹೊತ್ತು ಒಂದೇ ದಿಕ್ಕಿನಲ್ಲಿ ದೊರೆಯುತ್ತದೆ. ಅಲೆಗಿಂತ ತುಸು ಹಿಂದುಳಿದವು ಒಟ್ಟಿನಲ್ಲಿ ಶಕ್ತಿಯನ್ನು ಪಡೆಯುತ್ತವೆ. ತುಸು ಮುಂದೋಡುವವು ಒಟ್ಟಿನಲ್ಲಿ ಶಕ್ತಿಯನ್ನು ಅಲೆಗೆ ಒಪ್ಪಿಸುತ್ತವೆ.

ಪಡೆಯುವವರೂ ಕೊಡುವವರೂ ಸಮನಾಗಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ಓಟದ ಪಂದ್ಯದಲ್ಲಿ ವೇಗ ಹೆಚ್ಚಿದಂತೆ ಓಟಗಾರರು ಕಡಿಮೆಯಾಗುವಂತೆ, ಸಾಮಾನ್ಯವಾದ ಪ್ಲಾಸ್ಮಾದಲ್ಲಿ ಹೆಚ್ಚು ವೇಗದ ಎಲೆಕ್ಟ್ರಾನುಗಳು ಕಡಿಮೆ. ಪಡೆಯುವವರು ಹೆಚ್ಚು, ಕೊಡುವವರು ಕಡಿಮೆ. ಆದಕಾರಣ ಅಲೆ ಬಡವಾಗುತ್ತ ಹೋಗುತ್ತದೆ. ವೇಗವುಳ್ಳ ಎಲೆಕ್ಟ್ರಾನುಗಳ ಧಾರೆಯನ್ನು ಹೊರಗಿನಿಂದ ಹರಿಸಿ ಕೊಡುವವರನ್ನೇ ಹೆಚ್ಚಾಗಿಸಿದರೆ ಅದೇ ಅಲೆ ಬೆಳೆಯಲೂಬಹುದು!

ಇದು ಗಣಿತದ ಚಮತ್ಕಾರವೋ ನಿಸರ್ಗದ ನಡೆಯೋ ಎಂಬ ಸಂದೇಹ ಬಹುಕಾಲ ಉಳಿಯಿತು. 1964ರಲ್ಲಿ ಅಮೆರಿಕದ ಜಾನ್ ಮಾಲ್ಮ್‌ಬರ್ಗ್ ಮತ್ತು ಚಾರ್ಲ್ಸ್ ವಾರ್ಟನ್ ನೀಳವಾದ ಪ್ಲಾಸ್ಮಾ ಕಂಬವೊಂದರಲ್ಲಿ ಅಲೆಗಳನ್ನೆಬ್ಬಿಸಿ, ಅವು ದೂರ ಸಾಗಿದಂತೆ ಎಷ್ಟೆಷ್ಟು ಕುಗ್ಗುತ್ತವೆಂದು ಅಳೆದರು. ಅಳತೆ ಸಿದ್ಧಾಂತಕ್ಕೆ ಹೊಂದಿಕೊಂಡಿತು. ಕಾಗದದ ಮೇಲಿನ ಮಾತು ಪ್ರಯೋಗಶಾಲೆಯಲ್ಲಿ ನಿಜವಾಗಲು ಹದಿನೆಂಟು ವರ್ಷ ಹಿಡಿದಿತ್ತು. ಈಗ ಟೋಕಮಾಕ್ ಯಂತ್ರಗಳಲ್ಲಿ ಪ್ಲಾಸ್ಮಾದೊಳಗೆ ವಿದ್ಯುತ್ ಪ್ರವಾಹವನ್ನು ಹರಿಸಲು ಈ ತತ್ತ್ವವನ್ನೇ ಬಳಸಿಕೊಳ್ಳುತ್ತಾರೆ.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಅಡಗಿದ ಅಲೆ ನಿಜವಾಗಿ ಅಳಿದುಹೋಗುತ್ತದೆಯೆ? ಶಾಲೆಯ ಬಯಲಿನಲ್ಲಿ ಹುಡುಗರು ಒಂದೇ ಗೆರೆಯಿಂದ ಓಟ ಹೊರಟರೆಂದುಕೊಳ್ಳೋಣ. ಪ್ರತಿಯೊಬ್ಬನ ವೇಗವೂ ಬೇರೆ. ಸ್ವಲ್ಪ ಹೊತ್ತಿಗೆ ಸಾಲು ಒಡೆದು ಬಯಲೆಲ್ಲ ಚೆದುರಿಹೋಗುತ್ತಾರೆ. ನೋಡುವವನಿಗೆ ಅಲ್ಲೊಂದು ಸಾಲಿತ್ತೆಂಬ ಗುರುತೂ ಕಾಣುವುದಿಲ್ಲ. ಆಗ ಸೀಟಿ ಊದಿ, ಎಲ್ಲರೂ ಹಿಂತಿರುಗಿ ತಮ್ಮ ತಮ್ಮ ಮೊದಲಿನ ವೇಗದಲ್ಲಿಯೇ ಓಡಬೇಕೆಂದರೆ, ಎಲ್ಲರೂ ಏಕಕಾಲಕ್ಕೆ ಗೆರೆಗೆ ಬಂದು ಮುಟ್ಟುತ್ತಾರೆ. ಸಾಲು ಕಣ್ಣಿಗೆ ಕಾಣದಿದ್ದರೂ ಹುಡುಗರ ಕಾಲುಗಳಲ್ಲಿ ಉಳಿದಿತ್ತು.

ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳು ಹೀಗೆ ಹಿಂದಕ್ಕೆ ಓಡುವುದಿಲ್ಲ. ಆದರೆ ಮೊದಲ ಅಲೆಯ ಗುರುತು ಅವುಗಳ ವೇಗಗಳಲ್ಲಿ ಉಳಿದಿರುತ್ತದೆ. ಎರಡನೆಯ ಅಲೆಯೊಂದು ಆ ಗುರುತನ್ನು ತಕ್ಕಂತೆ ಮಾರ್ಪಡಿಸಿದರೆ, ಎರಡೂ ಅಲೆಗಳು ಅಡಗಿದ ಮೇಲೆ, ಯಾರೂ ಎಬ್ಬಿಸದ ಮೂರನೆಯ ಅಲೆಯೊಂದು ತಾನೇ ತಲೆಯೆತ್ತುತ್ತದೆ. ಇದಕ್ಕೆ ಪ್ಲಾಸ್ಮಾದ ಪ್ರತಿಧ್ವನಿ ಎಂದು ಹೆಸರು. 1967ರಲ್ಲಿ ಲೆಕ್ಕದಿಂದ ಊಹಿಸಿದ ಇದನ್ನು 1968ರಲ್ಲಿ ಮಾಲ್ಮ್‌ಬರ್ಗ್ ಮತ್ತು ಅವರ ಸಂಗಡಿಗರು ಪ್ರಯೋಗದಲ್ಲಿ ಕಂಡರು. ಗುಡಿಯ ಗಂಟೆಗೆ ಈ ಭಾಗ್ಯವಿಲ್ಲ. ಅದರ ನಾದದ ಗುರುತನ್ನು ಗಾಳಿಯ ತಾಕಲಾಟ ಅಳಿಸಿಬಿಟ್ಟಿರುತ್ತದೆ.

ಲ್ಯಾಂಡೌ ಅವರ ಲೆಕ್ಕವು ಸಮೀಕರಣವನ್ನು ಸರಳಗೊಳಿಸಿಕೊಂಡು ಮಾಡಿದ್ದು. ಸರಳಗೊಳಿಸದ ಪೂರ್ಣ ಸಮೀಕರಣಕ್ಕೂ, ಅಲೆ ಸಾಕಷ್ಟು ಸಣ್ಣದಾಗಿದ್ದರೆ, ಅದು ಸಲ್ಲುವುದೆಂದು ಫ್ರಾನ್ಸಿನ ಗಣಿತಜ್ಞರಾದ ಕ್ಲೆಮಾಂ ಮೂಓ ಮತ್ತು ಸೆಡ್ರಿಕ್ ವಿಲಾನಿ ಸಾಧಿಸಿ ತೋರಿಸಿದರು. ಆ ಸಾಧನೆ 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರನ್ನು ಬಹಳವಾಗಿ ಕಾಡಿದ್ದು ಈ ಪ್ರತಿಧ್ವನಿಗಳೇ: ಅಡಗಿದ ಅಲೆಗಳು ಮತ್ತೆ ಮತ್ತೆ ತಲೆಯೆತ್ತಿ ಬೆಳೆದುಬಿಡುವುದಿಲ್ಲವೆಂದು ಅವರು ಮೊದಲು ತೋರಿಸಬೇಕಾಗಿತ್ತು.